ಜಡೆ ಕೋಲಾಟ: ಹೆಣೆದದ್ದು ಬಿಚ್ಚುವಾಗ ಸಿಕ್ಕಾಗುವುದೇಕೆ?

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಶಾಲಾ ವಾರ್ಷಿಕೋತ್ಸವಕ್ಕೆಂದು ಎಂಟು, ಒಂಬತ್ತನೇ ತರಗತಿಯ 12 ಹುಡುಗಿಯರಿಗೆ ಜಡೆ ಕೋಲಾಟ, ಅಂದರೆ ಕಂಬದ ತುದಿಗೆ ಕಟ್ಟಿದ ಹಗ್ಗಗಳನ್ನು ಹಿಡಿದು ಕುಣಿಯುತ್ತಾ ಜಡೆಯಂತೆ ಹೆಣೆದು ಮತ್ತೆ ಬಿಚ್ಚುವ ಆಟ, ಕಲಿಸುತ್ತಿದ್ದೇವೆ. ಹೆಣೆಯುವುದು ಚೆನ್ನಾಗಿಯೇ ಬರುತ್ತದೆ. ಬಿಚ್ಚುವಾಗ ಮಾತ್ರ ಪ್ರತಿ ಸಲ ಸಿಕ್ಕಾಗುತ್ತದೆ, ಅದೂ ದಿನಕ್ಕೊಂದು ಜಾಗದಲ್ಲಿ. ಹಾಡಲು ಊರಿನ ಹಿರಿಯ ಅಜ್ಜಿಯೊಬ್ಬರು ಬರುತ್ತಾರೆ, ತಮಟೆಗೆ ಇಬ್ಬರು ಹುಡುಗರಿದ್ದಾರೆ. ಅಜ್ಜಿಯ ಹಾಡಿಗೂ ತಮಟೆಗೂ ತಾಳ ಕೂಡುತ್ತಿಲ್ಲ. ಹಗ್ಗ, ಕೋಲು ಯಾವುದು ತರಬೇಕು, ಕೂಗಿ ನಡೆಸುವವರು ಯಾರಾಗಬೇಕು? ರೆಕಾರ್ಡ್ ಹಾಡು ಹಾಕಿಬಿಡೋಣ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ಉತ್ತರ: ರೆಕಾರ್ಡ್ ಬೇಡ. ಯಾಕೆ ಅನ್ನುವುದು ಮುಂದೆ ತಾನಾಗಿ ಗೊತ್ತಾಗುತ್ತದೆ. ಮೊದಲು ಸಿಕ್ಕು ಬಿಡಿಸೋಣ, ಏಕೆಂದರೆ ನಿಮ್ಮ ಮಕ್ಕಳು ತಪ್ಪು ಮಾಡುತ್ತಿಲ್ಲ, ಕಲಿತದ್ದನ್ನೇ ಸರಿಯಾಗಿ ಮಾಡುತ್ತಿದ್ದಾರೆ. ತಪ್ಪಿರುವುದು ನೀವು ಅವರನ್ನು ತಿರುಗಿಸುವ ಜಾಗದಲ್ಲಿ.

12 ಜನರಲ್ಲಿ ಒಬ್ಬರು ಬಿಟ್ಟು ಒಬ್ಬರಂತೆ ಆರು ಜನರಿಗೆ ಕೆಂಪು ಹಗ್ಗ, ಆರು ಜನರಿಗೆ ಹಳದಿ ಹಗ್ಗ ಎಂದಿಟ್ಟುಕೊಳ್ಳಿ. ಕೆಂಪಿನವರು ಪ್ರದಕ್ಷಿಣೆಯಾಗಿ, ಅಂದರೆ ಕಂಬ ಬಲಗಡೆ ಬರುವಂತೆ ನಡೆಯುತ್ತಾರೆ. ಹಳದಿಯವರು ಅಪ್ರದಕ್ಷಿಣೆಯಾಗಿ ಬರುತ್ತಾರೆ. ಮೊದಲು ಎದುರಾದವಳನ್ನು ಕೆಂಪಿನವಳು ಹೊರಗಿನಿಂದ ದಾಟುತ್ತಾಳೆ, ಮುಂದೆ ಸಿಕ್ಕವಳನ್ನು ಒಳಗಿನಿಂದ, ಮತ್ತೆ ಹೊರಗಿನಿಂದ. ಹಳದಿಯವಳದ್ದು ಇದಕ್ಕೆ ಉಲ್ಟಾ. ಒಂದು ದಾಟಿಗೆ ಪ್ರತಿಯೊಬ್ಬಳೂ ಒಂದು ಜಾಗ ಮುಂದೆ ಸರಿಯುತ್ತಾಳೆ. ಹಾಗಾಗಿ 12 ಜನರ ಆಟದಲ್ಲಿ 12 ದಾಟಿಗೆ ಎಲ್ಲರೂ ತಮ್ಮ ಮನೆಗೆ, ಅಂದರೆ ಶುರು ಮಾಡಿದ ಜಾಗಕ್ಕೆ, ಬಂದು ನಿಲ್ಲುತ್ತಾರೆ. ಅದು ಒಂದು ಸುತ್ತು. ನಾಲ್ಕು ಸುತ್ತೆಂದರೆ 48 ದಾಟು.

ಈಗ ಲೆಕ್ಕ ನೋಡಿ. ಬೆಸ ಸಂಖ್ಯೆಯ ದಾಟುಗಳಲ್ಲಿ ಕೆಂಪು ಹೊರಗೆ, ಸಮ ಸಂಖ್ಯೆಯಲ್ಲಿ ಕೆಂಪು ಒಳಗೆ. 48ನೆಯದು ಸಮಸಂಖ್ಯೆ, ಆದ್ದರಿಂದ ಕೊನೆಯ ದಾಟಿನಲ್ಲಿ ಕೆಂಪಿನವರು ಒಳಗಿನಿಂದ ಹೋಗಿರುತ್ತಾರೆ. ಎಲ್ಲರೂ ಮನೆಗೆ ಬಂದರು, ಚೆಂದವಾಗಿ ಕಾಣುತ್ತದೆ, ಅಲ್ಲೇ ತಿರುಗಿಸುತ್ತೀರಿ. ಹಗ್ಗ ಬಿಚ್ಚಬೇಕಾದರೆ ಹೋದ ದಾರಿಯಲ್ಲೇ ಹಿಂದೆ ಬರಬೇಕು. ಒಳಗಿನಿಂದ ಹೋದವಳು ಒಳಗಿನಿಂದಲೇ ವಾಪಸಾಗಬೇಕು. ಆದರೆ ಮಕ್ಕಳ ಮೈಗೆ ಹತ್ತಿರುವುದು ‘ಸೊಲ್ಲು (ಹಾಡಿನ ಸಾಲು) ಶುರುವಾದರೆ ಕೆಂಪು ಹೊರಗೆ’ ಅನ್ನುವ ಅಭ್ಯಾಸ. ಹೊಸ ಸೊಲ್ಲು ಕಿವಿಗೆ ಬಿದ್ದ ತಕ್ಷಣ ಕೆಂಪಿನವಳು ಹೊರಗೆ ಹೋಗುತ್ತಾಳೆ. ಆಗ ಆ ಎರಡು ಹಗ್ಗ ಬಿಡಿಸಿಕೊಳ್ಳುವ ಬದಲು ಒಂದನ್ನೊಂದು ಸುತ್ತಿ ಕೊಂಡಿ ಹಾಕಿಕೊಳ್ಳುತ್ತವೆ. ಹಗ್ಗದ ಎಳೆತ ನೋಡಿ ನಡೆಯುವ ಒಂದಿಬ್ಬರು ಚುರುಕು ಹುಡುಗಿಯರು ಸರಿಯಾಗಿ ಒಳಗೆ ಹೋಗುತ್ತಾರೆ, ಉಳಿದವರು ಹಾಡು ನಂಬಿ ಹೊರಗೆ ಹೋಗುತ್ತಾರೆ. ಯಾರು ಯಾವ ದಿನ ಹೇಗೆ ಹೋದರು ಎಂಬುದರ ಮೇಲೆ ಸಿಕ್ಕಿನ ಜಾಗ ಬದಲಾಗುತ್ತದೆ. ದಿನಕ್ಕೊಂದು ಕಡೆ ಅನ್ನುತ್ತೀರಲ್ಲ, ಅದರ ಕಾರಣ ಇಷ್ಟೇ.

ಪರಿಹಾರ ಸುಲಭ: 48ಕ್ಕೆ ನಿಲ್ಲಿಸಬೇಡಿ, 49ಕ್ಕೆ ತಿರುಗಿಸಿ. 49ನೆಯ ದಾಟಿನಲ್ಲಿ ಕೆಂಪು ಹೊರಗೆ ಹೋಗುತ್ತದೆ, ಬಿಚ್ಚುವಾಗಿನ ಮೊದಲ ದಾಟೂ ಹೊರಗೇ ಆಗುತ್ತದೆ. ಮಕ್ಕಳು ಹೊಸದಾಗಿ ಏನನ್ನೂ ನೆನಪಿಡಬೇಕಾಗಿಲ್ಲ. ಇದು ಹಾಡಿಗೂ ಒಪ್ಪುತ್ತದೆ. ಎಂಟು ಎಣಿಕೆಯ ಒಂದು ಸೊಲ್ಲಿಗೆ ಎರಡು ದಾಟು, ನಾಲ್ಕು ಎಣಿಕೆಗೆ ಒಂದು. 24 ಸೊಲ್ಲಿಗೆ 48 ದಾಟು ಮುಗಿಯುತ್ತವೆ. 25ನೆಯ ಸೊಲ್ಲಿನ ಮೊದಲರ್ಧದಲ್ಲಿ 49ನೆಯ ದಾಟು, ಉಳಿದರ್ಧದ ನಾಲ್ಕು ಎಣಿಕೆ ನಿಂತಲ್ಲೇ ಹೆಜ್ಜೆ ಹಾಕುತ್ತಾ ತಿರುಗುವುದಕ್ಕೆ. 26ನೆಯ ಸೊಲ್ಲು ಎತ್ತಿದಾಗ ಬಿಚ್ಚುವುದು ಶುರು. ಅಜ್ಜಿ ತಮ್ಮ ಹಾಡನ್ನು ಕೂದಲೆಳೆಯಷ್ಟೂ ಬದಲಿಸಬೇಕಿಲ್ಲ. ತಂಡ ಎಂಟು ಜನರದ್ದಾಗಲಿ, 16 ಜನರದ್ದಾಗಲಿ, ಸೂತ್ರ ಒಂದೇ: ಪೂರ್ತಿ ಸುತ್ತುಗಳ ಮೇಲೆ ಒಂದು ದಾಟು ಹೆಚ್ಚಿಗೆ.

ತಿರುಗುವಾಗ ಮಕ್ಕಳಿಗೆ ಎಡ ಬಲ ಹೇಳಿ ಗೊಂದಲ ಮಾಡಬೇಡಿ. ‘ಈಗಷ್ಟೇ ಬೆನ್ನಿಗೆ ಹೋದವಳಿಗೆ ಮುಖ ಕೊಡು’ ಎಂದರೆ ಸಾಕು. ಎಲ್ಲರೂ ಹಾಗೆ ತಿರುಗಿದರೆ ಆರು ಜೋಡಿ ತಾವಾಗಿ ಎದುರುಬದುರು ನಿಲ್ಲುತ್ತವೆ. ಯಾರಿಗಾದರೂ ಎದುರಿನವಳ ಮುಖದ ಬದಲು ಬೆನ್ನು ಕಂಡರೆ ಎಲ್ಲೋ ಒಬ್ಬಳು ತಿರುಗಿಲ್ಲ ಎಂದರ್ಥ.

ದಾಟಿನ ನಾಲ್ಕು ಎಣಿಕೆಯನ್ನು ಬಿಡಿಸಿ ಹೇಳುತ್ತೇನೆ. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಒಂದೇ ಕೋಲು. ಒಂದನೇ ಎಣಿಕೆಗೆ ಎದುರಿನವಳ ಕೋಲಿಗೆ ಪೆಟ್ಟು, ಎರಡು ಮತ್ತು ಮೂರಕ್ಕೆ ದಾಟು, ನಾಲ್ಕಕ್ಕೆ ಹೊಸ ಜೋಡಿಯ ಎದುರು ನಿಲುವು. ಪೆಟ್ಟು ದಾಟುವ ಮೊದಲೇ, ಮುಖಾಮುಖಿಯಾಗಿ ಬೀಳಬೇಕು. ಕಾರಣವಿದೆ. ಕೆಂಪು ಹೊರಗಿನಿಂದ ಹೋಗುವಾಗ ಇಬ್ಬರ ಬಲಭುಜಗಳು ಹತ್ತಿರ ಬರುತ್ತವೆ, ಒಳಗಿನಿಂದ ಹೋಗುವಾಗ ಎಡಭುಜಗಳು. ದಾಟುತ್ತಾ ದಾಟುತ್ತಾ ಹೊಡೆಯಲು ಹೋದರೆ ಎರಡನೆಯ ಸಲ ಬಲಗೈ ಮೈಮುಂದೆ ಅಡ್ಡ ಬರುತ್ತದೆ, ಕೋಲು ಹಗ್ಗಕ್ಕೆ ತಗಲುತ್ತದೆ, ಇಲ್ಲವೇ ಗೆಳತಿಯ ಬೆರಳಿಗೆ. ಇನ್ನು, ಹೊರಗೆ ಹೋಗುವವಳು ಹಗ್ಗದ ಕೈಯನ್ನು ಹಣೆಗಿಂತ ಮೇಲೆ ಎತ್ತಬೇಕು. ಒಳಗೆ ಹೋಗುವವಳು ಕೈಯನ್ನು ಎದೆಗೆ ಇಳಿಸಿ, ತುಸು ಬಗ್ಗಿ ಅದರಡಿ ನುಸುಳಬೇಕು. ಇಬ್ಬರೂ ಎತ್ತಿದರೆ ಹಗ್ಗಗಳು ಮೇಲೆ ಉಜ್ಜಾಡಿ ಹೆಣಿಗೆ ಸಡಿಲವಾಗುತ್ತದೆ. ಇಬ್ಬರೂ ಇಳಿಸಿದರೆ ಒಬ್ಬಳ ಕತ್ತಿಗೆ ಹಗ್ಗ ಬೀಳುತ್ತದೆ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಲು ಯಾವ ಕಾರಣಕ್ಕೂ ಬಿಡಬೇಡಿ. ಹೆಚ್ಚಿದ್ದನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿಯಲಿ. ಯಾರಾದರೂ ಎಡವಿದರೆ ಹಗ್ಗ ಕೈಯಿಂದ ಜಾರಿಹೋಗುವಂತಿರಬೇಕು.

ಅಳತೆಯ ವಿಷಯಕ್ಕೆ ಬರೋಣ. ಎಷ್ಟು ಜನರೋ ಅದರ ಅರ್ಧದಷ್ಟು ಅಡಿ, ಕಂಬದಿಂದ ಮಕ್ಕಳು ನಿಲ್ಲುವ ಗೆರೆಗೆ ಇರಬೇಕಾದ ದೂರ. 12 ಜನರಿಗೆ ಆರಡಿ, 16 ಜನರಿಗೆ ಎಂಟಡಿ. ಹೀಗೆ ನಿಂತರೆ ಒಬ್ಬರಿಂದೊಬ್ಬರಿಗೆ ಮೂರಡಿಗಿಂತ ತುಸು ಹೆಚ್ಚು ಜಾಗ ಸಿಗುತ್ತದೆ, ದಾಟಲು ಅಷ್ಟು ಬೇಕೇ ಬೇಕು. ಹಗ್ಗ ಕಟ್ಟುವ ಬಳೆ ನೆಲದಿಂದ 11 ಅಡಿ ಎತ್ತರದಲ್ಲಿರಲಿ. ಮಕ್ಕಳ ಕೈ ಸುಮಾರು ನಾಲ್ಕಡಿಯಲ್ಲಿರುತ್ತದೆ. ಬಳೆಯಿಂದ ಕೈವರೆಗೆ ಓರೆಯಾಗಿ ಒಂಬತ್ತಡಿ ಚಿಲ್ಲರೆ ಹಗ್ಗ, ಹಿಡಿತಕ್ಕೆ ಒಂದೂವರೆ ಅಡಿ, ಮೇಲೆ ಗಂಟಿಗೆ ಅರ್ಧ ಅಡಿ: ತಲಾ 11ರಿಂದ ಹನ್ನೊಂದೂವರೆ ಅಡಿ. 12 ಜನಕ್ಕೆ 42 ಮೀಟರ್ ಆಗುತ್ತದೆ, 45 ಮೀಟರ್ ತನ್ನಿ. ಹತ್ತಿಯ ಹಗ್ಗ ನೀರು ಕುಡಿದರೆ ಕುಗ್ಗುತ್ತದೆ, ಬಣ್ಣಕ್ಕೆ ಅದ್ದಿ ಒಣಗಿಸಿದ ಮೇಲೆಯೇ ಕತ್ತರಿಸಿ. ಮೊದಲೇ ಕತ್ತರಿಸಿ ಆಮೇಲೆ ಬಣ್ಣ ಹಾಕಿದರೆ ಕೆಂಪೊಂದು ಉದ್ದ, ಹಳದಿಯೊಂದು ಉದ್ದ ಆಗಿ, ವೃತ್ತ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ.

ಎರಡಿಂಚಿನ ಪೈಪನ್ನು ಕಂಬವಾಗಿ ನೆಟ್ಟರೆ ಒಂದು ಸುತ್ತಿಗೆ ಹೆಚ್ಚುಕಡಿಮೆ ಅರ್ಧ ಅಡಿ ಜಡೆ ಇಳಿಯುತ್ತದೆ. ನಾಲ್ಕು ಸುತ್ತಿಗೆ ಎರಡಡಿ. ಆದರೆ ಹಗ್ಗ ಓರೆಯಾಗಿ ಸುತ್ತುವುದರಿಂದ ಒಳಗೆ ಹೋಗುವ ಹಗ್ಗ ಮೂರಡಿಗೆ ಹತ್ತಿರ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರಡಿ ಹಗ್ಗ ಕಡಿಮೆಯಾದರೆ ಮಕ್ಕಳು ಕಂಬದ ಕಡೆ ಎಳೆದುಕೊಂಡು ಬರುತ್ತಾರೆ; ಆರಡಿ ದೂರ ನಾಲ್ಕಡಿಗೆ ಇಳಿಯುತ್ತದೆ, ಮೂರಡಿ ಅಂತರ ಎರಡಡಿಯಾಗುತ್ತದೆ, ಭುಜಕ್ಕೆ ಭುಜ ತಾಗಿ ನೂಕುನುಗ್ಗಲು. ಮೂರನೆಯ ಸುತ್ತಿನಿಂದ ಹಗ್ಗದ ಕೈ ಮೆಲ್ಲಗೆ ಮೇಲೇರಬೇಕು, ನಾಲ್ಕನೆಯದರಲ್ಲಿ ತಲೆಯ ಮಟ್ಟಕ್ಕೆ ಬಂದಿರಬೇಕು. ಆಗ ಐದಡಿಗೆ ಹತ್ತಿರದಷ್ಟು ದೂರ ಉಳಿಯುತ್ತದೆ. ಅದೂ ಸಾಲದಿದ್ದರೆ ಮುಷ್ಟಿಯಲ್ಲಿರುವ ಹಗ್ಗವನ್ನು ಒಂದು ಗೇಣು ಬಿಡಲಿ, ಎಲ್ಲರೂ ಒಟ್ಟಿಗೆ, ಸುತ್ತು ಮುಗಿದಾಗ ಮಾತ್ರ. ಐದು ಸುತ್ತು ಹೆಣೆಯುವ ಆಸೆ ಇದ್ದರೆ ಹಗ್ಗ 13 ಅಡಿ ಮಾಡಿಕೊಳ್ಳಿ. ಕಂಬವಿಲ್ಲದೆ ಮರದ ಕೊಂಬೆಯಿಂದಲೋ ಚಪ್ಪರದ ತೊಲೆಯಿಂದಲೋ ಇಳಿಬಿಟ್ಟರೆ ಜಡೆ ಸಣ್ಣಗೆ, ಹುರಿಯಂತೆ ಗಟ್ಟಿಯಾಗಿ ಬರುತ್ತದೆ, ಸುತ್ತಿಗೆ ಮೂರು ನಾಲ್ಕು ಇಂಚು ಮಾತ್ರ. ನೋಡಲು ಅದೇ ಚೆಂದ ಎನ್ನುವುದು ನನ್ನ ಅಭಿಪ್ರಾಯ, ಹಗ್ಗವೂ ಕಡಿಮೆ ಖರ್ಚಾಗುತ್ತದೆ. ಆದರೆ ಮೇಲಿನ ಬಳೆಯನ್ನು ಒಂದೇ ದಾರದಿಂದ ನೇತು ಹಾಕಬೇಡಿ, ಗಿರಗಿರ ತಿರುಗುತ್ತದೆ. ಎರಡು ಕಡೆಯಿಂದ ಬಿಗಿದು ಕಟ್ಟಿ.

ನೈಲಾನ್ ಹಗ್ಗ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ತರುತ್ತಾರೆ. ಅದು ಜಾರುತ್ತದೆ, ಕೈ ಉರಿಯುತ್ತದೆ, ಹಳೆಯ ಮಡಿಕೆಯ ಗುರುತು ಬಿಡುವುದಿಲ್ಲ. ಎಂಟು ಮಿಲಿಮೀಟರ್ ದಪ್ಪದ ಹತ್ತಿ ಹಗ್ಗ, ಅಥವಾ ಮುಕ್ಕಾಲು ಇಂಚಿನ ಹತ್ತಿಯ ಪಟ್ಟಿ ಸರಿಯಾಗುತ್ತದೆ. 12 ಪಟ್ಟಿಗಳಿದ್ದಾಗ ಎರಡಿಂಚಿನ ಕಂಬವನ್ನು ಸಂದಿಲ್ಲದೆ ಮುಚ್ಚಲು ಮುಕ್ಕಾಲು ಇಂಚು ಸಾಕಾಗುತ್ತದೆ. ಮಂಚಕ್ಕೆ ಹೆಣೆಯುವ ಅಗಲದ ನವಾರು ತಂದರೆ ಮಡಿಚಿಕೊಂಡು ಮುದ್ದೆಯಾಗುತ್ತದೆ. ಕೆಂಪು, ಹಳದಿಯನ್ನು ಬಳೆಗೆ ಒಂದು ಬಿಟ್ಟು ಒಂದು ಕಟ್ಟಿ, ಮಕ್ಕಳು ಅದೇ ಕ್ರಮದಲ್ಲಿ ಹಿಡಿಯಲಿ. ಮೇಲೊಂದು ಕ್ರಮ ಕೆಳಗೊಂದು ಕ್ರಮ ಆದರೆ ಆಟಕ್ಕೆ ಮೊದಲೇ ಸಿಕ್ಕು ಬಿದ್ದಿರುತ್ತದೆ.

ಬಣ್ಣ ಬೇರೆ ಮಾಡುವುದು ಅಂದಕ್ಕೆ ಮಾತ್ರವಲ್ಲ, ತಪ್ಪು ಹಿಡಿಯುವುದಕ್ಕೂ ಬೇಕು. ಸರಿಯಾಗಿ ಹೆಣೆದ ಜಡೆ ಚದುರಂಗದ ಮನೆಗಳ ಹಾಗೆ ಒಂದು ಕೆಂಪು, ಒಂದು ಹಳದಿ ಕಾಣುತ್ತದೆ. ಒಂದು ಕೆಂಪು ಹಗ್ಗದ ಜಾಡು ಹಿಡಿದು ಓರೆಯಾಗಿ ಕೆಳಗೆ ಬನ್ನಿ: ಕಾಣುತ್ತದೆ, ಅಡಗುತ್ತದೆ, ಕಾಣುತ್ತದೆ. ಎಲ್ಲಾದರೂ ಮೂರು ಮನೆಯುದ್ದಕ್ಕೂ ಕೆಂಪೇ ಕಂಡರೆ, ಒಳಗೆ ಹೋಗಬೇಕಾದವಳು ಅಲ್ಲಿ ಹೊರಗೆ ಹೋಗಿದ್ದಾಳೆ. ಮೂರು ಮನೆ ಕೆಂಪು ಕಾಣದಿದ್ದರೆ ಹೊರಗೆ ಹೋಗಬೇಕಾದವಳು ಒಳಗೆ ನುಗ್ಗಿದ್ದಾಳೆ. ಅಭ್ಯಾಸದ ದಿನಗಳಲ್ಲಿ ಒಂದೊಂದು ಸುತ್ತಿಗೂ ನಿಲ್ಲಿಸಿ ಹೀಗೆ ನೋಡಿ. ಬೈಯುವ ಮೊದಲು ಜಡೆಯನ್ನೇ ಓದಿ, ಯಾರು ತಪ್ಪಿದರು ಅನ್ನುವುದನ್ನು ಅದೇ ಹೇಳುತ್ತದೆ.

ಹೆಣೆಯುವಾಗ ಇಂಥ ಒಂದು ತಪ್ಪು ನಡೆದರೂ ಆಟ ನಿಲ್ಲುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಬಿಚ್ಚುವಾಗ ಆ ಜೋಡಿ ಅದೇ ಜಾಗಕ್ಕೆ ಬಂದಾಗ ಮಿಕ್ಕವರ ಹಗ್ಗ ಸಡಿಲವಾಗಿ ಬಿಟ್ಟುಕೊಳ್ಳುತ್ತದೆ, ಇವರಿಬ್ಬರದ್ದು ಮಾತ್ರ ಹೆಣಿಗೆಯ ಬುಡದಲ್ಲಿ ಕೊಂಡಿಯಾಗಿ ಬಿಗಿಯುತ್ತದೆ. ಆ ಕ್ಷಣ ಎಳೆಯಬಾರದು. ಎಳೆದರೆ ಕೊಂಡಿ ಇನ್ನೂ ಕಚ್ಚಿಕೊಳ್ಳುತ್ತದೆ, ಜತೆಗೆ ಪಕ್ಕದ ನಾಲ್ಕು ಹಗ್ಗಗಳೂ ಸೇರುತ್ತವೆ. ಕೂಗುವವರು ‘ನಿಲ್ಲು’ ಎನ್ನಬೇಕು, ಹಾಡು ನಿಲ್ಲಬಾರದು. ಎಲ್ಲರೂ ನಿಂತಲ್ಲೇ ಹೆಜ್ಜೆ ಹಾಕುತ್ತಿರಲಿ, ಆ ಇಬ್ಬರು ಮಾತ್ರ ಒಂದು ದಾಟು ಹಿಂದೆ ಬಂದು, ಹೊರಗೆ ಹೋದವಳು ಒಳಗಿನಿಂದ ಹೋಗಲಿ. ಒಂದೂವರೆ ಸೊಲ್ಲು ಸಾಕು ಇದಕ್ಕೆ. ನೋಡುವವರು ಅದನ್ನೂ ಒಂದು ವರಸೆ ಅಂದುಕೊಳ್ಳುತ್ತಾರೆ. ರೆಕಾರ್ಡ್ ಬೇಡ ಎಂದದ್ದು ಇದಕ್ಕೇ. ಅಜ್ಜಿ ಒಂದು ಸೊಲ್ಲನ್ನು ಇನ್ನೆರಡು ಸಲ ತಿರುಗಿಸಿ ಹಾಡುತ್ತಾರೆ, ಪೆನ್‌ಡ್ರೈವ್ ಹಾಡುವುದಿಲ್ಲ. ಸಿನಿಮಾ ಹಾಡುಗಳ ನಡುವೆ ಬರುವ ವಾದ್ಯದ ತುಣುಕುಗಳಂತೂ ಎಂಟರ ಲೆಕ್ಕಕ್ಕೆ ಸಿಗದೆ ದಾಟು ತಪ್ಪಿಸುತ್ತವೆ.

ಈಗ ಅಜ್ಜಿ ಮತ್ತು ತಮಟೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ತಮಟೆಯ ಬಗ್ಗೆ ಹಗುರವಾಗಿ ಮಾತಾಡುವ ಹಾಗಿಲ್ಲ. ಈ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ಬಾರಿಸಿದ್ದಕ್ಕೇ. ಆದರೆ ತಮಟೆ ಬಯಲಿನಲ್ಲಿ, ಮೆರವಣಿಗೆಯಲ್ಲಿ, ದೂರದ ಕೇರಿಗೂ ಕೇಳಿಸಲೆಂದು ಇರುವ ವಾದ್ಯ. ಒಂಟಿ ದನಿಯ ಪಕ್ಕದಲ್ಲಿ ಎರಡು ತಮಟೆ ನಿಂತರೆ ಹಾಡು ಮುಳುಗುತ್ತದೆ, ಕೋಲಿನ ಪೆಟ್ಟೂ ಮುಳುಗುತ್ತದೆ. ಅಜ್ಜಿಗೆ ತಮ್ಮ ದನಿಯೇ ಕೇಳಿಸದೆ ಎಳೆಯುತ್ತಾರೆ, ಹುಡುಗರು ಹುರುಪಿಗೆ ಓಡಿಸುತ್ತಾರೆ. ಒಂದೇ ತಮಟೆ ಇರಲಿ. ಮಕ್ಕಳು ಬರುವಾಗ, ತಿರುಗುವ ನಾಲ್ಕು ಎಣಿಕೆಯಲ್ಲಿ, ಕೊನೆಯಲ್ಲಿ ಅದು ತುಂಬಿ ನುಡಿಯಲಿ. ಹೆಣೆಯುವಾಗ, ಬಿಚ್ಚುವಾಗ ಸಣ್ಣ ಕಡ್ಡಿಯಿಂದ ಅಂಚಿನ ಮೇಲೆ ಹಗುರವಾಗಿ, ನಾಲ್ಕಕ್ಕೊಂದು ಒತ್ತು ಮಾತ್ರ. ಚರ್ಮದ ತಮಟೆಯಾದರೆ ಸಂಜೆಯ ತಂಪಿಗೆ ಸಡಿಲವಾಗುತ್ತದೆ, ಆಟಕ್ಕೆ ಸ್ವಲ್ಪ ಮುಂಚೆ ಬೆಂಕಿಗೆ ಕಾಯಿಸಿಕೊಳ್ಳಬೇಕು. ಆ ಬೆಂಕಿ ಹಗ್ಗ, ಬಟ್ಟೆಗಳಿಂದ ದೂರವಿರಲಿ. ಫೈಬರ್ ತಮಟೆಗೆ ಕಾಯಿಸುವ ಕೆಲಸವಿಲ್ಲ, ಆದರೆ ಅದರ ಸದ್ದು ಇನ್ನೂ ಹರಿತ. ಅದನ್ನು ಮತ್ತಷ್ಟು ಹಿಂದೆ ನಿಲ್ಲಿಸಿ.

ಹೊಲದಲ್ಲಿ, ಬೀಸುವಾಗ, ಹಸೆಯ ಮುಂದೆ ಹಾಡಿದವರು ಸೊಲ್ಲಿನ ಕೊನೆಯನ್ನು ಉಸಿರು ಇರುವಷ್ಟು ಎಳೆಯುತ್ತಾರೆ. ಅಲ್ಲಿ ಅದು ತಪ್ಪಲ್ಲ. ಕುಣಿತಕ್ಕೆ ಮಾತ್ರ ಅದರಿಂದ ತೊಂದರೆ, ಒಂದು ಸೊಲ್ಲು ಎಂಟು ಎಣಿಕೆ, ಇನ್ನೊಂದು ಹತ್ತೋ ಹನ್ನೊಂದೋ ಆಗುತ್ತದೆ. ‘ಅಜ್ಜಿ, ಎಳೀಬೇಡಿ’ ಎಂದು ಹೇಳಿದರೆ ಹಾಡೇ ಕುಂಟುತ್ತದೆ. ಅದರ ಬದಲು ಹಳೆಯ ಪದ್ಧತಿಯಂತೆ ಮಾಡಿ: ಅಜ್ಜಿ ಒಂದು ಸೊಲ್ಲು ಎತ್ತಿಕೊಡಲಿ, ಕುಣಿಯದೆ ಪಕ್ಕದಲ್ಲಿ ನಿಂತ ಮೂರು ನಾಲ್ಕು ಹುಡುಗಿಯರು ಅದನ್ನೇ ತಿರುಗಿ ಹಾಡಲಿ. ಅಜ್ಜಿಗೆ ಎಂಟು ಎಣಿಕೆ ಉಸಿರಾಡಲು ಸಿಗುತ್ತದೆ, ಎಳೆಯುವ ಅಗತ್ಯವೇ ಬೀಳುವುದಿಲ್ಲ. ಹಿಮ್ಮೇಳದ ಹುಡುಗಿಯರಲ್ಲಿ ಒಬ್ಬಳ ಕೈಗೆ ತಾಳ ಕೊಡಿ. ಲಯದ ಯಜಮಾನಿಕೆ ಆ ತಾಳದ್ದೇ, ತಮಟೆ ಅದನ್ನು ನೋಡಿ ನುಡಿಯಬೇಕು. ನಿಮಿಷಕ್ಕೆ 84 ಎಣಿಕೆಯಲ್ಲಿ ಶುರು ಮಾಡಿ, 96 ದಾಟದಿರಲಿ. ಬಿಚ್ಚುವಾಗ ಹಗ್ಗ ಹಗುರವಾಗುತ್ತಾ ಹೋಗುವುದರಿಂದ ಮಕ್ಕಳ ಕಾಲು ತಾನಾಗಿ ಓಡುತ್ತದೆ, ತಾಳದವಳು ಬಿಗಿ ಹಿಡಿಯಬೇಕಾದದ್ದು ಅಲ್ಲಿ.

ಅಜ್ಜಿಯ ಹಾಡುಗಳಲ್ಲಿ ತೆಲುಗು ಸೊಲ್ಲುಗಳಿದ್ದರೆ ತೆಗೆಸಬೇಡಿ. ಗೌರಿಬಿದನೂರು, ಬಾಗೇಪಲ್ಲಿ, ಪಾವಗಡದ ಕಡೆ ಎರಡೂ ಭಾಷೆಯ ಹಾಡು ಒಂದೇ ಆಟದಲ್ಲಿ ಬರುವುದು ಸಹಜ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ಪದಗಳನ್ನೂ ಜನ ಹಾಗೆಯೇ ಎರಡೂ ಭಾಷೆಯಲ್ಲಿ ಹಾಡಿಕೊಳ್ಳುತ್ತಾರೆ. ಅಜ್ಜಿ ‘ಕೋಪು’ ಎಂದರೆ ವರಸೆ ಎಂದು ತಿಳಿಯಿರಿ, ಸಿಟ್ಟಲ್ಲ.

ಕೂಗಿ ನಡೆಸುವವರು ಹಾಡುವವರಾಗಬಾರದು, ಕುಣಿಯುವವರೂ ಆಗಬಾರದು. ಪಂಡರಿ ಭಜನೆಯಲ್ಲಿ ಗುರು ನಡುವೆ ನಿಂತು ತಾಳ ಹಿಡಿದು ನಡೆಸುತ್ತಾರೆ, ಅದನ್ನು ನೋಡಿ ಇಲ್ಲೂ ನಡುವೆ ನಿಲ್ಲಲು ಹೋಗುತ್ತಾರೆ. ಜಡೆ ಕೋಲಾಟದಲ್ಲಿ ನಡುವೆ ಹಗ್ಗಗಳಿವೆ, ಗುರುವಿಗೆ ಜಾಗವಿಲ್ಲ. ವೃತ್ತದ ಹೊರಗೆ, ಹಾಡುವವರ ಪಕ್ಕ ನಿಲ್ಲಿ. ನೀವೇ ನಿಂತರೂ ಸರಿ, ಹದಿಮೂರನೆಯ ಹುಡುಗಿಯಾದರೂ ಸರಿ. ಪ್ರತಿ ದಾಟಿಗೂ ‘ಹೊರಗೆ, ಒಳಗೆ’ ಎಂದು ಕೂಗುವುದು ಅಭ್ಯಾಸದ ಮೊದಲ ವಾರಕ್ಕೆ ಸಾಕು, ಆಮೇಲೆ ನಿಲ್ಲಿಸಿ. ಇಲ್ಲವಾದರೆ ಮಕ್ಕಳು ಎದುರಿನವಳನ್ನು ಬಿಟ್ಟು ನಿಮ್ಮ ಬಾಯನ್ನೇ ನೋಡುತ್ತಾರೆ. ಆಟದ ದಿನ ಸೀಟಿಯ ಮೂರು ಸನ್ನೆ ಇದ್ದರೆ ಸಾಕು: ಶುರು, ತಿರುಗು, ನಿಲ್ಲು.

49ನ್ನು ಎಣಿಸುವುದು ಹೇಗೆ? ಎಣಿಸಬೇಡಿ. ಒಂದನೇ ನಂಬರಿನ ಕೆಂಪು ಹುಡುಗಿ ನಿಮ್ಮ ನೇರ ಎದುರಿಗೆ ನಿಂತು ಆಟ ಶುರು ಮಾಡಲಿ, ಅವಳ ತಲೆಗೊಂದು ದೊಡ್ಡ ಹೂವು ಮುಡಿಸಿ. ಆರು ಸೊಲ್ಲಿಗೊಮ್ಮೆ ಅವಳು ಅದೇ ಜಾಗಕ್ಕೆ ಬರುತ್ತಾಳೆ. ನಾಲ್ಕನೆಯ ಸಲ ಬಂದು, ಹೊಸ ಸೊಲ್ಲು ಎತ್ತಿದ ಮೊದಲ ಎಣಿಕೆಗೇ ಸೀಟಿ ಊದಿ. ಅವರು ಆ ದಾಟನ್ನು ಮುಗಿಸಿ ಐದನೆಯ ಎಣಿಕೆಗೆ ತಿರುಗಲು ತಯಾರಾಗುತ್ತಾರೆ. ತಿರುಗಬೇಕಾದ ಎಣಿಕೆಗೇ ಸೀಟಿ ಹಾಕಿದರೆ ತಡವಾಯಿತು: ಅರ್ಧ ಜನ ಮುಂದಿನ ದಾಟಿಗೆ ಕಾಲಿಟ್ಟಿರುತ್ತಾರೆ, ಇನ್ನರ್ಧ ತಿರುಗಿರುತ್ತಾರೆ.

ಕಲಿಸುವ ಕ್ರಮವೂ ಮುಖ್ಯ. 12 ಜನರ ಕೈಗೆ ಮೊದಲ ದಿನವೇ ಹಗ್ಗ ಕೊಡುವುದು ಬೇಡ. ನೆಲದ ಮೇಲೆ ಸುಣ್ಣದಿಂದ ಆರಡಿ ತ್ರಿಜ್ಯದ ವೃತ್ತ ಎಳೆದು, ಹಗ್ಗವಿಲ್ಲದೆ ಬರೀ ದಾಟುಗಳನ್ನು ಮಾಡಿಸಿ. ಕಾಲಿಗೆ ಹತ್ತಿದ ಮೇಲೆ ನಾಲ್ಕೇ ಜನರಿಗೆ ಹಗ್ಗ ಕೊಡಿ, ಎರಡು ಕೆಂಪು ಎರಡು ಹಳದಿ. ನಾಲ್ಕು ಜನರಲ್ಲಿ ನಾಲ್ಕೇ ದಾಟಿಗೆ ಒಂದು ಸುತ್ತು ಮುಗಿಯುವುದರಿಂದ ತಪ್ಪು ಕಣ್ಣಮುಂದೆಯೇ ಸಿಗುತ್ತದೆ. ಅಲ್ಲಿ ನಾಲ್ಕು ದಾಟಿಗೆ ತಿರುಗಿಸಿ ಸಿಕ್ಕು ತೋರಿಸಿ, ಐದಕ್ಕೆ ತಿರುಗಿಸಿ ಬಿಚ್ಚಿಕೊಳ್ಳುವುದನ್ನೂ ತೋರಿಸಿ. ಒಮ್ಮೆ ನೋಡಿದ ಮಕ್ಕಳು ಮತ್ತೆ ಕೇಳುವುದಿಲ್ಲ. ಆಮೇಲೆ ಎಂಟು, ಆಮೇಲೆ 12. ಇಬ್ಬರನ್ನು ಹೆಚ್ಚಿಗೆ ತಯಾರು ಮಾಡಿ, ಒಬ್ಬಳು ಕೆಂಪಿನ ದಾರಿ ಬಲ್ಲವಳು, ಒಬ್ಬಳು ಹಳದಿಯದ್ದು. ಆಟದ ದಿನ ಒಬ್ಬಳು ಬರಲಿಲ್ಲ, ಬದಲಿಯೂ ಇಲ್ಲ ಎಂದಾದರೆ 11 ಜನರಲ್ಲಿ ಆಡಲು ಆಗುವುದಿಲ್ಲ. ಇನ್ನೊಂದು ಬಣ್ಣದ ಒಬ್ಬಳನ್ನೂ ಕೂರಿಸಿ ಹತ್ತು ಜನರಲ್ಲಿ ಆಡಿ, ಆ ಎರಡು ಹಗ್ಗಗಳನ್ನು ಬಳೆಯಿಂದಲೇ ಬಿಚ್ಚಿ ತೆಗೆಯಿರಿ. ಸುಮ್ಮನೆ ನೇತಾಡುವ ಹಗ್ಗ ಹೆಣಿಗೆಯೊಳಗೆ ಸೇರಿಕೊಳ್ಳುತ್ತದೆ. ಆಗ ಒಂದು ಸುತ್ತಿಗೆ ಹತ್ತೇ ದಾಟು, ಐದು ಸೊಲ್ಲು ಎನ್ನುವುದು ನೆನಪಿರಲಿ.

ಕೋಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ವಯಸ್ಸಿನವರಿಗೆ 14ರಿಂದ 16 ಇಂಚು ಉದ್ದ, ಹೆಬ್ಬೆರಳಿಗಿಂತ ತುಸು ದಪ್ಪ. ಹುಣಸೆಯಂಥ ಗಟ್ಟಿ ಮರದ್ದು ಟಣ್ ಎನ್ನುತ್ತದೆ. ನಿಮ್ಮ ಸುತ್ತ ನೀಲಗಿರಿ ಬೇಕಾದಷ್ಟಿದೆ, ಆದರೆ ಹಸಿಯಾಗಿ ಕಡಿದ ನೀಲಗಿರಿ ಒಣಗುವಾಗ ಸೀಳುತ್ತದೆ, ಸಿಬಿರು ಕೈಗೆ ಏರುತ್ತದೆ. ಅರಗು ಬಳಿದ ಬಣ್ಣದ ಕೋಲು ಕಣ್ಣಿಗೆ ಚೆಂದ, ಹಾಲೆ ಮರದ್ದಾದರೆ ಸದ್ದು ಮೆತ್ತಗೆ, ಅರಗೂ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬರುವಾಗ ಜೋಡಿ ಕೋಲಿನ ಆಟವಿದ್ದರೆ ಹಗ್ಗ ಹಿಡಿಯುವ ಮೊದಲು ಎಡಗೈಯ ಕೋಲನ್ನು ನಡುಪಟ್ಟಿಗೆ ಸಿಕ್ಕಿಸಿಕೊಳ್ಳಲಿ, ಅದಕ್ಕೊಂದು ಸೊಲ್ಲು ಮೀಸಲಿಡಿ. ಕೋಲು ಮತ್ತು ಹಗ್ಗವನ್ನು ಒಂದೇ ಕೈಯಲ್ಲಿ ಹಿಡಿದರೆ ಎರಡೂ ಜಾರುತ್ತವೆ. ಬಲಗೈಗೆ ಗಾಜಿನ ಬಳೆ ಬೇಡ. ಉದ್ದ ಕೂದಲಿನ ಮಕ್ಕಳಿಗೆ ತುರುಬು ಕಟ್ಟಿಸಿ, ಬಗ್ಗಿ ನುಸುಳುವಾಗ ತಲೆಯ ಜಡೆ ಹಗ್ಗದ ಜಡೆಗೆ ಸೇರುವುದು ತಮಾಷೆಯ ಮಾತಲ್ಲ, ನಡೆಯುವಂಥದ್ದೇ.

ವೇದಿಕೆಯ ಮೇಲೆ ಆಡಿಸುವ ಯೋಚನೆ ಇದ್ದರೆ ಕಂಬ ಹೇಗೆ ನಿಲ್ಲಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಬಣ್ಣದ 20 ಲೀಟರ್ ಡಬ್ಬಿಗೆ ಕಾಂಕ್ರೀಟ್ ತುಂಬಿ ಪೈಪ್ ನಿಲ್ಲಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಡಬ್ಬಿ 45 ಕಿಲೋ ತೂಗಿದರೂ ಬುಡ ಒಂದಡಿ ಅಗಲ ಮಾತ್ರ. 11 ಅಡಿ ಎತ್ತರದ ತುದಿಯನ್ನು ಒಂದು ಕಡೆಗೆ ಎರಡು ಕಿಲೋ ಬಲದಿಂದ ಎಳೆದರೂ ವಾಲುತ್ತದೆ. ಮಕ್ಕಳು ಸಮನಾಗಿ ಎಳೆಯುತ್ತಿರುವವರೆಗೆ ನಿಲ್ಲುತ್ತದೆ, ಒಬ್ಬಳು ಎಡವಿದರೆ ಬೀಳುತ್ತದೆ. ಚಪ್ಪರದ ಕಬ್ಬಿಣದ ಚೌಕಟ್ಟಿಗೆ ತುದಿಯನ್ನೂ ಬಿಗಿಯಿರಿ, ಇಲ್ಲವೇ ವೇದಿಕೆಯ ಮುಂದಿನ ಮಣ್ಣಿನ ಅಂಗಳದಲ್ಲಿ ಎರಡಡಿ ಗುಂಡಿ ತೋಡಿ 13 ಅಡಿಯ ಪೈಪ್ ನೆಡಿ. ಕೋಲಾಟ ನಾಲ್ಕೂ ಕಡೆಯಿಂದ ನೋಡುವ ಆಟ, ಅಂಗಳವೇ ಅದಕ್ಕೆ ಸರಿ. ಧ್ವನಿವರ್ಧಕದ ಒಂದು ಪೆಟ್ಟಿಗೆ ಮಕ್ಕಳ ಹತ್ತಿರವೇ ಇರಲಿ. ನೂರಡಿ ದೂರದ ಪೆಟ್ಟಿಗೆಯಿಂದ ದನಿ ಬಂದು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹತ್ತಿರ ಬೇಕು, ಅಷ್ಟು ಸಾಕು ಪೆಟ್ಟುಗಳು ಚದುರಲು.

ಕೊನೆಯದಾಗಿ ಹೊತ್ತಿನ ಲೆಕ್ಕ, ಕಾರ್ಯಕ್ರಮ ನಡೆಸುವವರು ನಿಮ್ಮನ್ನು ಕೇಳುವುದು ಅದನ್ನೇ. 49 ದಾಟಿಗೆ 196 ಎಣಿಕೆ; ನಿಮಿಷಕ್ಕೆ 84ರಂತೆ 2 ನಿಮಿಷ 20 ಸೆಕೆಂಡು. ಬಿಚ್ಚುವುದಕ್ಕೂ ಅಷ್ಟೇ. ಬರುವ ಆಟ, ಹಗ್ಗ ಹಿಡಿಯುವುದು, ಕೊನೆಯ ನಮಸ್ಕಾರ ಸೇರಿದರೆ ಆರೂವರೆ ನಿಮಿಷ ಬೇಕು. ಐದೇ ನಿಮಿಷ ಎಂದರೆ ಓಡಿಸಬೇಡಿ, ಒಂದು ಸುತ್ತು ಕಡಿಮೆ ಮಾಡಿ. 37 ದಾಟು ಹೆಣೆಯಲು 1 ನಿಮಿಷ 46 ಸೆಕೆಂಡು, ಬಿಚ್ಚಲು ಇನ್ನೊಂದು 1 ನಿಮಿಷ 46 ಸೆಕೆಂಡು, ಉಳಿದ ಒಂದೂವರೆ ನಿಮಿಷ ಬರಲು ಹೋಗಲು. ಹೊತ್ತು ಸಾಲದೆಂದು ಹೆಣೆದ ಜಡೆಯನ್ನು ಹಾಗೆಯೇ ಬಿಟ್ಟು ಹೋಗುವ ತಂಡಗಳಿವೆ, ಆ ದಾರಿ ಮಾತ್ರ ಹಿಡಿಯಬೇಡಿ. ಮೂರು ಸುತ್ತಿನ ಆಟದಲ್ಲಿ ಹೂ ಮುಡಿದವಳು ಮೂರನೆಯ ಸಲ ಎದುರಿಗೆ ಬಂದಾಗ ಸೀಟಿ ಕೈಯಲ್ಲಿರಲಿ.